ಡ್ಯೂಕ್, ಕಳ್ಳ, ಒಪ್ಪಂದದ ಮದುವೆ: ನಿಮಗೆ ಯಾವ ಹಿಸ್ಟಾರಿಕಲ್ ರೊಮಾನ್ಸ್ ಹಿಡಿಸಬಹುದು?

ಇಂಗ್ಲಿಷಿನ ಹಿಸ್ಟಾರಿಕಲ್ ರೊಮಾನ್ಸ್, ಅಂದರೆ ಹಳೆಯ ಕಾಲದಲ್ಲಿ ನಡೆಯುವ ಪ್ರೇಮ ಕಾದಂಬರಿ, ಓದೋಣ ಅಂತ ಆನ್‌ಲೈನ್‌ನಲ್ಲಿ ಹುಡುಕಿದರೆ ಸಾಲುಸಾಲಾಗಿ ಒಂದೇ ಥರದ ಮುಖಪುಟಗಳು ಕಾಣುತ್ತವೆ. ಉದ್ದನೆಯ ರೇಷ್ಮೆ ಗೌನು, ಗುಂಡಿ ಬಿಚ್ಚಿದ ಷರ್ಟು, ಹಿಂದೆ ಒಂದು ದೊಡ್ಡ ಬಂಗಲೆ. ಪುಸ್ತಕದ ಹೆಸರಿನಲ್ಲಿ ಡ್ಯೂಕ್, ಅಂದರೆ ಇಂಗ್ಲೆಂಡಿನ ಅತಿ ಮೇಲಿನ ಪದವಿಯವನು, ಇದ್ದೇ ಇರುತ್ತಾನೆ. ಯಾವುದನ್ನು ಎತ್ತಿಕೊಳ್ಳಬೇಕು ಅಂತ ತಿಳಿಯದೆ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು, ಅರ್ಧಕ್ಕೆ ಬೇಜಾರಾಗಿ, ಈ ಜಾತಿಯ ಪುಸ್ತಕಗಳೆಲ್ಲ ಇಷ್ಟೇ ಅಂತ ಬಿಟ್ಟುಬಿಡುವವರು ತುಂಬಾ ಜನ ಇದ್ದಾರೆ. ನನಗೆ ಅದು ನಿಜಕ್ಕೂ ಬೇಸರದ ವಿಷಯ, ಯಾಕಂದ್ರೆ ಇದೇ ರಾಶಿಯಲ್ಲಿ ಬಹಳ ಒಳ್ಳೆಯ ಕಾದಂಬರಿಗಳು ಅಡಗಿವೆ. ಅವನ್ನು ಹೆಕ್ಕಿಕೊಳ್ಳುವುದು ಹೇಗೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜಾಸ್ತಿ ಓಡುವುದು ಮೂರು ಬಗೆ. ನಾಯಕ ಡ್ಯೂಕ್ ಆಗಿರುವ ಕಥೆ ಒಂದು. ನಾಯಕ ಅಥವಾ ನಾಯಕಿ ಕಾನೂನಿನ ಆಚೆ ಬದುಕುವ ಕಥೆ ಇನ್ನೊಂದು: ಕಳ್ಳರು, ದರೋಡೆಕೋರರು, ಜೂಜಿನ ಅಡ್ಡೆ ನಡೆಸುವವರು. ಮೂರನೆಯದು, ಪ್ರೀತಿ ಹುಟ್ಟುವುದಕ್ಕೆ ಮೊದಲೇ ದುಡ್ಡಿಗೋ ಆಸ್ತಿಗೋ ಮಾನ ಉಳಿಸಿಕೊಳ್ಳುವುದಕ್ಕೋ ಮದುವೆ ಮುಗಿದುಹೋಗುವ ಕಥೆ. ಒಂದೇ ಪುಸ್ತಕದಲ್ಲಿ ಎರಡು ಬಗೆ ಸೇರಿಕೊಳ್ಳುವುದು ಸಾಮಾನ್ಯ, ಮೂರೂ ಸೇರುವುದೂ ಉಂಟು.

ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಈ ಇಬ್ಬರಲ್ಲಿ ಒಬ್ಬರು 'ನನಗೆ ಬೇಡ' ಅಂತ ಎದ್ದು ಹೊರಟರೆ ಯಾರಿಗೆ ಏನು ಹೋಗುತ್ತದೆ? ಜೀವ ಹೋಗುತ್ತದಾ, ಮನೆ ಹೋಗುತ್ತದಾ, ಸಾಕಿದ ಮಕ್ಕಳು ಬೀದಿಗೆ ಬೀಳುತ್ತಾರಾ, ಅಥವಾ ಏನೂ ಆಗದೆ ಇಬ್ಬರೂ ತಮ್ಮ ತಮ್ಮ ಗಾಡಿ ಹತ್ತಿ ಮನೆಗೆ ಹೋಗುತ್ತಾರಾ? ಏನೂ ಹೋಗದಿದ್ದರೆ ಆ ಕಥೆಯನ್ನು ಮುನ್ನೂರು ಪುಟ ಎಳೆಯಲು ಲೇಖಕಿ ಸುಮ್ನೆ ತಪ್ಪು ತಿಳುವಳಿಕೆಗಳನ್ನು ಹುಟ್ಟಿಸುತ್ತಾ ಹೋಗಬೇಕಾಗುತ್ತದೆ. ಬೇಜಾರು ಬರುವುದು ಅಲ್ಲೇ.

ಮೊದಲು ಸ್ವಲ್ಪ ಕಾನೂನು

ಇದನ್ನು ದಾಟಿ ಮುಂದೆ ಹೋಗಬೇಡಿ. ಈ ಕಥೆಗಳ ಬಿಗಿ ಇರುವುದೇ ಇಲ್ಲಿ.

1753ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ಮದುವೆ ಕಾಯ್ದೆ ಬಂತು. ಅದರ ನಂತರ ಮದುವೆ ಚರ್ಚಿನಲ್ಲೇ ಆಗಬೇಕು. ಮೂರು ಭಾನುವಾರ ಎಲ್ಲರೆದುರು ಹೆಸರು ಕೂಗಿ ಹೇಳಬೇಕು, ಇಲ್ಲವೇ ಲೈಸೆನ್ಸ್ ತರಬೇಕು. 21 ತುಂಬದವರು ಲೈಸೆನ್ಸ್ ಪಡೆಯಬೇಕಾದರೆ ಅಪ್ಪನ ಒಪ್ಪಿಗೆ ಬೇಕು. ಸ್ಕಾಟ್ಲೆಂಡಿಗೆ ಈ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಅದಕ್ಕೇ ಈ ಕಾದಂಬರಿಗಳಲ್ಲಿ ಅವಸರದಲ್ಲಿರುವ ಜೋಡಿಗಳೆಲ್ಲ ಗಡಿಯಾಚೆಯ ಗ್ರೆಟ್ನಾ ಗ್ರೀನ್ ಅನ್ನುವ ಹಳ್ಳಿಗೆ ಕುದುರೆಗಾಡಿ ಓಡಿಸುತ್ತಾರೆ. ಅಲ್ಲಿ ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಗೆ ಹೇಳಿದರೆ ಮದುವೆ ಆಯಿತು. 1856ರಲ್ಲಿ ಬಂದ ಇನ್ನೊಂದು ಕಾಯ್ದೆ, ಇಬ್ಬರಲ್ಲಿ ಒಬ್ಬರಾದರೂ ಸ್ಕಾಟ್ಲೆಂಡಿನವರಾಗಿರಬೇಕು ಅಥವಾ 21 ದಿನ ಅಲ್ಲಿ ವಾಸ ಮಾಡಿರಬೇಕು ಅಂತ ಹೇಳಿ ಈ ಓಟಕ್ಕೆ ಕಡಿವಾಣ ಹಾಕಿತು. ಹಾಗಾಗಿ 1870ರಲ್ಲಿ ನಡೆಯುವ ಕಥೆಯಲ್ಲಿ ಲಂಡನ್ನಿನ ಜೋಡಿ ಗ್ರೆಟ್ನಾಗೆ ಹೋಗಿ ಆ ದಿನವೇ ಮದುವೆಯಾದರೆ, ಲೇಖಕಿ ಓದಿಕೊಂಡಿಲ್ಲ ಅಂತಲೇ ಅರ್ಥ.

ಮದುವೆಯಾದ ಮೇಲಿನ ಸ್ಥಿತಿ ಇನ್ನೂ ಕಷ್ಟ. ಹೆಂಡತಿಯ ದುಡ್ಡು, ಒಡವೆ, ದುಡಿಮೆ ಎಲ್ಲ ಗಂಡನದು. ತವರಿನವರು ಮೊದಲೇ ಕರಾರು ಬರೆಸಿ ಟ್ರಸ್ಟ್‌ನಲ್ಲಿ ಇಟ್ಟಿದ್ದರೆ ಮಾತ್ರ ಸ್ವಲ್ಪ ರಕ್ಷಣೆ. 1870ರಲ್ಲಿ ಇದು ಕೊಂಚ ಸಡಿಲವಾಯಿತು, 1882ರ ಕಾಯ್ದೆಯಲ್ಲಿ ನಿಜವಾಗಿ ಬದಲಾಯಿತು. ಇನ್ನು ವಿಚ್ಛೇದನ. 1857ರವರೆಗೆ ಪೂರ್ತಿ ಬಿಡುಗಡೆ ಬೇಕಿದ್ದರೆ ಪಾರ್ಲಿಮೆಂಟಿನಲ್ಲಿ ನಿಮಗಾಗಿಯೇ ಒಂದು ಕಾಯ್ದೆ ಪಾಸಾಗಬೇಕಿತ್ತು. ಸುಮಾರು ಇನ್ನೂರು ವರ್ಷಗಳಲ್ಲಿ ಹಾಗೆ ಪಾಸಾಗಿದ್ದು ಮುನ್ನೂರು ಚಿಲ್ಲರೆ, ಅದರಲ್ಲಿ ಹೆಂಗಸರು ಗೆದ್ದದ್ದು 4. ಮದುವೆ ಅಂದರೆ ಒಳಗೆ ಹೋಗಲು ಮಾತ್ರ ಬಾಗಿಲಿದ್ದ ಮನೆ. ಇದನ್ನು ತಲೆಯಲ್ಲಿಟ್ಟುಕೊಂಡು ಓದಿ, ಗೊತ್ತಿಲ್ಲದ ಗಂಡಸಿನ ಮುಂದೆ ನಿಂತು 'ನನ್ನನ್ನು ಮದುವೆಯಾಗು' ಅನ್ನುವ ಹುಡುಗಿಯ ಧೈರ್ಯ ಎಂಥದ್ದು ಅಂತ ಆಗ ಅರ್ಥವಾಗುತ್ತದೆ.

ಕಳ್ಳರ ಕಡೆ ನೋಡಿದರೆ ಕಾನೂನು ಇನ್ನೂ ಕ್ರೂರ. 1800ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಗಲ್ಲು ಶಿಕ್ಷೆ ಕೊಡಬಹುದಾದ ಅಪರಾಧಗಳು ಇನ್ನೂರರ ಹತ್ತಿರ ಇದ್ದವು. ಒಬ್ಬರ ಜೇಬಿನಿಂದ ಒಂದು ಷಿಲಿಂಗ್‌ಗಿಂತ ಹೆಚ್ಚು ಬೆಲೆಯದನ್ನು ಎಗರಿಸಿದರೂ 1808ರವರೆಗೆ ಗಲ್ಲು ಸಾಧ್ಯವಿತ್ತು. ಎಲ್ಲರನ್ನೂ ನೇಣಿಗೆ ಹಾಕುತ್ತಿರಲಿಲ್ಲ, ತುಂಬಾ ಜನರನ್ನು ಹಡಗಿಗೆ ತುಂಬಿ ಆಸ್ಟ್ರೇಲಿಯಾಕ್ಕೆ ಕಳಿಸುತ್ತಿದ್ದರು. ಆದರೆ ಕುತ್ತಿಗೆಯ ಮೇಲೆ ಹಗ್ಗದ ನೆರಳು ಯಾವಾಗಲೂ ಇತ್ತು.

ಡ್ಯೂಕ್ ಕಥೆಗಳು

ಇಂಗ್ಲೆಂಡಿನ ಪದವಿಗಳಲ್ಲಿ ರಾಜಮನೆತನ ಬಿಟ್ಟರೆ ಡ್ಯೂಕ್ ಎಲ್ಲರಿಗಿಂತ ಮೇಲೆ. ಅವನ ಕೆಳಗೆ ಮಾರ್ಕ್ವೆಸ್, ಆಮೇಲೆ ಅರ್ಲ್, ವೈಕೌಂಟ್, ಬ್ಯಾರನ್. ನಿಜವಾದ ಡ್ಯೂಕ್‌ಗಳು ಆ ಕಾಲದಲ್ಲಿ ಮೂರು ಡಜನ್ ಕೂಡ ಇರಲಿಲ್ಲ, ಅವರಲ್ಲಿ ಮದುವೆಯಾಗದ ಚೆಲುವ ತರುಣರು ಎಷ್ಟಿದ್ದಾರು! ಕಾದಂಬರಿಗಳಲ್ಲಿ ಲೆಕ್ಕವೇ ಇಲ್ಲ. ಇರಲಿ, ಅದು ಈ ಜಾತಿಯ ಪುಸ್ತಕಗಳ ಜೊತೆ ಓದುಗರು ಮಾಡಿಕೊಂಡಿರುವ ಒಪ್ಪಂದ.

ನಿಜವಾದ ತೊಡಕು ಬೇರೆ. ಡ್ಯೂಕ್‌ಗೆ ಕಳೆದುಕೊಳ್ಳಲು ಏನೂ ಇಲ್ಲ. ಅವನಿಗೆ ದುಡ್ಡಿದೆ, ಪದವಿಯಿದೆ, ಯಾರೂ ಎದುರಾಡುವುದಿಲ್ಲ. ಆದ್ದರಿಂದ ಅವನಿಗೆ ಲೇಖಕಿ ಎಲ್ಲಾದರೂ ಒಂದು ಗಾಯ ಕೊಡಲೇಬೇಕು. ಆ ಗಾಯ ಎಲ್ಲಿದೆ ಅನ್ನುವುದರ ಮೇಲೆ ಪುಸ್ತಕ ನಿಲ್ಲುತ್ತದೆ ಅಥವಾ ಬೀಳುತ್ತದೆ.

ಜೂಲಿಯಾ ಕ್ವಿನ್ ಅವರ 'ದಿ ಡ್ಯೂಕ್ ಅಂಡ್ ಐ' ಬಂದದ್ದು 2000ದಲ್ಲಿ. 2020ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಬ್ರಿಡ್ಜರ್ಟನ್‌ನ ಮೊದಲ ಸೀಸನ್ ಇದರ ಮೇಲೆ ನಿಂತಿದೆ, ಹಾಗಾಗಿ ಹೆಚ್ಚಿನವರು ಇಲ್ಲಿಂದಲೇ ಶುರು ಮಾಡುತ್ತಾರೆ. ಇಲ್ಲಿ ಡ್ಯೂಕ್ ಸೈಮನ್‌ನ ಗಾಯ ಅವನ ಅಪ್ಪ. ಮಗ ತೊದಲುತ್ತಾನೆ ಅಂತ ದೂರ ಇಟ್ಟ ಅಪ್ಪನ ಮೇಲಿನ ಸಿಟ್ಟಿಗೆ, ಈ ವಂಶ ನನ್ನಲ್ಲೇ ಮುಗಿಯಲಿ ಅಂತ ಅವನು ಹಟ ಹಿಡಿದಿದ್ದಾನೆ. ನಾಯಕಿ ಡ್ಯಾಫ್ನೆ ಹುಟ್ಟಿದ ಬ್ರಿಡ್ಜರ್ಟನ್ ಮನೆಯ ಎಂಟು ಮಕ್ಕಳ ಗಲಾಟೆ, ಅಮ್ಮನ ಮದುವೆ ಓಡಾಟ, ಅಣ್ಣಂದಿರ ಕಾವಲು ಎಲ್ಲ ಲವಲವಿಕೆಯಿಂದ ಓದಿಸಿಕೊಳ್ಳುತ್ತವೆ. ಆದರೆ ಕಥೆಯ ಎರಡನೇ ಭಾಗದಲ್ಲಿ ಸೈಮನ್ ಕುಡಿದಿರುವಾಗ ಡ್ಯಾಫ್ನೆ ಅವನ ಇಚ್ಛೆಗೆ ವಿರುದ್ಧವಾಗಿ ನಡೆದುಕೊಳ್ಳುವ ಒಂದು ಪ್ರಸಂಗ ಇದೆ. ತುಂಬಾ ಓದುಗರು ಇದನ್ನು ಖಂಡಿಸಿದ್ದಾರೆ, ನಾನೂ ಅವರ ಜೊತೆಗೇ ಇದ್ದೇನೆ. ಒಪ್ಪಿಗೆ ಗಂಡಸಿಗೂ ಬೇಕು. ಗೊತ್ತಿದ್ದು ಓದಿ, ಇಲ್ಲವೇ ಇದನ್ನು ಬಿಟ್ಟು ಬೇರೆ ಡ್ಯೂಕ್‌ನನ್ನು ಹುಡುಕಿಕೊಳ್ಳಿ.

ಬೇರೆ ಡ್ಯೂಕ್ ಅಂದರೆ ನಾನು ಮೊದಲು ಕೈಗೆ ಕೊಡುವುದು ಈವಿ ಡನ್‌ಮೋರ್ ಅವರ 'ಬ್ರಿಂಗಿಂಗ್ ಡೌನ್ ದಿ ಡ್ಯೂಕ್', 2019. ಕಥೆ ನಡೆಯುವುದು 1879ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಹೆಂಗಸರಿಗಾಗಿ ಮೊದಲ ಕಾಲೇಜುಗಳು ಬಾಗಿಲು ತೆರೆದ ವರ್ಷ. ಬಡ ಪಾದ್ರಿಯ ಮಗಳು ಆನಬೆಲ್‌ಗೆ ಅಲ್ಲಿ ಓದುವ ಅವಕಾಶ ಸಿಗುತ್ತದೆ. ಖರ್ಚು ಕೊಡುವವರು ಹೆಂಗಸರ ಹಕ್ಕಿಗಾಗಿ ಹೋರಾಡುವ ಸಂಘದವರು, ಅದಕ್ಕೆ ಬದಲಾಗಿ ಅವಳು ಪ್ರಭಾವಿ ಗಂಡಸರನ್ನು ತಮ್ಮ ಕಡೆ ಎಳೆಯಬೇಕು. ಎದುರಿಗಿರುವ ಡ್ಯೂಕ್ ಆಡಳಿತದ ಪಕ್ಷದ ಬೆನ್ನೆಲುಬು. ಇಲ್ಲಿ ನನ್ನ ಪ್ರಶ್ನೆಗೆ ಉತ್ತರ ಗಟ್ಟಿಯಾಗಿದೆ. ಅವಳನ್ನು ಮದುವೆಯಾದರೆ ಅವನ ರಾಜಕೀಯ ಮುಗಿಯುತ್ತದೆ, ಮದುವೆಯಿಲ್ಲದೆ ಅವನ ಜೊತೆ ಹೋದರೆ ಅವಳ ಬದುಕೇ ಮುಗಿಯುತ್ತದೆ. ಹೆಂಡತಿಯ ಆಸ್ತಿಯ ಕಾಯ್ದೆ ಇಲ್ಲಿ ಬರೀ ಹಿನ್ನೆಲೆಯಲ್ಲ, ಇಬ್ಬರೂ ಅದರ ಮೇಲೇ ಜಗಳವಾಡುತ್ತಾರೆ.

ಕೋರ್ಟ್ನಿ ಮಿಲನ್ ಅವರ 'ದಿ ಡಚೆಸ್ ವಾರ್', 2012, ಇನ್ನೂ ಒಂದು ಹೆಜ್ಜೆ ಮುಂದೆ. ಲಂಡನ್ನಿನ ಬಾಲ್‌ರೂಮ್ ಬಿಟ್ಟು ಲೆಸ್ಟರ್ ಅನ್ನುವ ಕಾರ್ಖಾನೆ ಊರಿಗೆ ಕರೆದುಕೊಂಡು ಹೋಗುತ್ತದೆ. ಇಲ್ಲಿಯ ಡ್ಯೂಕ್ ಕೆಲಸಗಾರರ ಪರವಾಗಿ ಗುಟ್ಟಾಗಿ ಕರಪತ್ರ ಬರೆಯುತ್ತಾನೆ. ನಾಯಕಿ ಮಿನ್ನಿಗೆ ಒಂದು ಮುಚ್ಚಿಟ್ಟ ಹಿಂದಿನ ಬದುಕಿದೆ, ಚಿಕ್ಕವಳಿದ್ದಾಗ ಹುಡುಗನ ವೇಷದಲ್ಲಿ ಚೆಸ್ ಆಡಿದವಳು ಅವಳು. ಅವನ ಗುಟ್ಟು ಬಯಲು ಮಾಡುತ್ತೇನೆ ಅನ್ನುವ ಅವಳ ಬೆದರಿಕೆಯಿಂದ ಇಬ್ಬರ ನಂಟು ಶುರುವಾಗುತ್ತದೆ. ನಾಚಿಕೆಯ, ಮೆಲುದನಿಯ ನಾಯಕ ನಾಯಕಿ ನಿಮಗೆ ಇಷ್ಟ ಅಂದರೆ ಡನ್‌ಮೋರ್‌ಗಿಂತ ಮಿಲನ್ ವಾಸಿ. ಸೊಕ್ಕಿನ, ಗಂಭೀರ ಡ್ಯೂಕ್ ಬೇಕು ಅಂದರೆ ಡನ್‌ಮೋರ್.

ಭಾರತದಲ್ಲಿ ನಡೆಯುವ ಡ್ಯೂಕ್ ಕಥೆಯೂ ಒಂದಿದೆ. ಮೆರೆಡಿತ್ ಡುರಾನ್ ಅವರ 'ದಿ ಡ್ಯೂಕ್ ಆಫ್ ಶ್ಯಾಡೋಸ್', 2008. 1857ರ ದೆಹಲಿಯಲ್ಲಿ ಶುರುವಾಗಿ ಲಂಡನ್‌ಗೆ ಹೋಗುತ್ತದೆ. ನಾಯಕನಿಗೆ ಭಾರತೀಯ ರಕ್ತವಿದೆ, ಎರಡೂ ಕಡೆಯವರು ಅವನನ್ನು ನಂಬುವುದಿಲ್ಲ. ನಮ್ಮ ಇತಿಹಾಸ ಬಲ್ಲವರಿಗೆ ಮೊದಲ ಭಾಗ ಇಂಗ್ಲಿಷರ ಕಣ್ಣಿನಿಂದ ನೋಡಿದ ಹಾಗೆ ಅನ್ನಿಸಬಹುದು, ನನಗೂ ಅಲ್ಲಲ್ಲಿ ಕಸಿವಿಸಿಯಾಯಿತು. ಆದರೆ ಕಣ್ಣೆದುರು ಕೊಲೆ ನೋಡಿದ ಹೆಂಗಸು ವರ್ಷಗಳಾದರೂ ಅದರಿಂದ ಹೊರಬರಲಾರದೆ ಒದ್ದಾಡುವುದನ್ನು ಇಷ್ಟು ಪ್ರಾಮಾಣಿಕವಾಗಿ ಬರೆದ ರೊಮಾನ್ಸ್‌ಗಳು ಕಡಿಮೆ.

ಡ್ಯೂಕ್ ಅಂದಾಗ ನಮ್ಮೂರಿಗೆ ನಿಜವಾಗಿ ಸಂಬಂಧವಿರುವ ಒಬ್ಬ ಇದ್ದಾನೆ. ಈ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಹೆಸರು ಬರುವ ಡ್ಯೂಕ್ ಆಫ್ ವೆಲಿಂಗ್ಟನ್, ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ದರಿಯಾ ದೌಲತ್‌ನಲ್ಲಿ ಉಳಿದುಕೊಂಡು ಊರಿನ ಆಡಳಿತ ನೋಡಿದ. ಮರುವರ್ಷ ಧೋಂಡಿಯ ವಾಘ್‌ನ ಬೆನ್ನು ಹತ್ತಿ ಕೊಂದ. ಬ್ರಿಟಿಷರ ಕಡತಗಳಲ್ಲಿ ಧೋಂಡಿಯ ಒಬ್ಬ ದರೋಡೆಕೋರ, ನಮ್ಮ ಕಡೆ ಅವನನ್ನು ಬ್ರಿಟಿಷರ ವಿರುದ್ಧ ಹೋರಾಡಿದವನು ಅಂತ ನೆನೆಯುತ್ತಾರೆ. ಈ ವೆಲ್ಲೆಸ್ಲಿಯ ಮದುವೆ ಇನ್ನೊಂದು ಕಥೆ. ಭಾರತಕ್ಕೆ ಬರುವ ಮೊದಲು ಕಿಟ್ಟಿ ಪ್ಯಾಕೆನ್‌ಹ್ಯಾಮ್ ಅನ್ನುವವಳನ್ನು ಕೇಳಿದ್ದ, ಇವನಿಗೆ ಭವಿಷ್ಯ ಇಲ್ಲ ಅಂತ ಅವಳ ಮನೆಯವರು ಬೇಡ ಅಂದಿದ್ದರು. ವರ್ಷಗಳ ನಂತರ ಹೆಸರು ಮಾಡಿ ಹಿಂತಿರುಗಿದವನು, ನಡುವೆ ಅವಳ ಮುಖವನ್ನೂ ನೋಡದೆ, ಹಳೆಯ ಮಾತು ಉಳಿಸಿಕೊಳ್ಳಲು 1806ರಲ್ಲಿ ಮದುವೆಯಾದ. ಡ್ಯೂಕ್ ಪದವಿ ಬಂದದ್ದು 1814ರಲ್ಲಿ. ಸಂಸಾರದಲ್ಲಿ ಇಬ್ಬರೂ ಸುಖಪಡಲಿಲ್ಲ. ಕಾದಂಬರಿಯ ಡ್ಯೂಕ್‌ಗಳನ್ನು ಓದುವಾಗ ನನಗೆ ಪಾಪ ಕಿಟ್ಟಿ ನೆನಪಾಗುತ್ತಾಳೆ.

ಕಳ್ಳರ ಕಥೆಗಳು

ಇಲ್ಲಿ ಅಪಾಯ ಹುಡುಕಬೇಕಾಗಿಲ್ಲ, ತಾನಾಗಿಯೇ ಇದೆ. ಸಿಕ್ಕಿಬಿದ್ದರೆ ಸಾವು. ಆದರೆ ಈ ಕಥೆಗಳಿಗೆ ಇನ್ನೊಂದು ಕೆಟ್ಟ ಚಾಳಿಯಿದೆ. ಕಳ್ಳನನ್ನು ತೀರಾ ಒಳ್ಳೆಯವನನ್ನಾಗಿ ಮಾಡಿಬಿಡುತ್ತವೆ, ಕೊನೆಗೆ ಅವನು ಕಳೆದುಹೋದ ಅರ್ಲ್‌ನ ಮಗ ಅಂತ ತೋರಿಸಿ ಬಡತನವನ್ನೇ ಒರೆಸಿಹಾಕುತ್ತವೆ. ನಿಜದ ಹೆದ್ದಾರಿ ದರೋಡೆಕೋರರು ಹಾಗಿರಲಿಲ್ಲ. 1739ರಲ್ಲಿ ಯಾರ್ಕ್‌ನಲ್ಲಿ ಗಲ್ಲಿಗೇರಿದ ಡಿಕ್ ಟರ್ಪಿನ್ ಈಗ ಜನಪದ ನಾಯಕ, ಆದರೆ ಅವನು ಮೊದಲು ಇದ್ದ ತಂಡ ಒಂಟಿ ಮನೆಗಳಿಗೆ ನುಗ್ಗಿ ಮುದುಕರನ್ನೂ ಹಿಂಸಿಸಿ ದುಡ್ಡು ಕೀಳುತ್ತಿತ್ತು. ಒಳ್ಳೆಯ ಲೇಖಕಿ ಈ ಕೊಳೆಯನ್ನು ಪೂರ್ತಿ ತೊಳೆದುಹಾಕುವುದಿಲ್ಲ.

ಹಳೆಯದರಿಂದ ಶುರು ಮಾಡುವುದಾದರೆ ಜಾರ್ಜೆಟ್ ಹೇಯರ್ ಅವರ ಮೊದಲ ಕಾದಂಬರಿ 'ದಿ ಬ್ಲ್ಯಾಕ್ ಮಾತ್', 1921. ಬರೆದಾಗ ಅವರಿಗೆ ಇನ್ನೂ ಇಪ್ಪತ್ತು ದಾಟಿರಲಿಲ್ಲ, ಕಾಯಿಲೆ ಬಿದ್ದ ತಮ್ಮನನ್ನು ಖುಷಿಪಡಿಸಲು ಕಟ್ಟಿದ ಕಥೆ. ಇಲ್ಲಿ ಲೆಕ್ಕ ತಿರುವುಮುರುವು. ತಮ್ಮ ಇಸ್ಪೀಟಿನಲ್ಲಿ ಮಾಡಿದ ಮೋಸವನ್ನು ತನ್ನ ತಲೆಗೆ ಕಟ್ಟಿಕೊಂಡು ಮನೆ ಬಿಟ್ಟ ನಾಯಕ ದರೋಡೆಕೋರ, ಹುಡುಗಿಯನ್ನು ಹೊತ್ತೊಯ್ಯುವ ಖಳನೇ ಡ್ಯೂಕ್. ಕಥೆ ತೆಳು, ಹುಡುಗಾಟ ಜಾಸ್ತಿ, ನಾಯಕ ದರೋಡೆಕೋರನಾದರೂ ಹೆಂಗಸರನ್ನೂ ಮುದುಕರನ್ನೂ ಮುಟ್ಟದ ಸಭ್ಯ. ಒಂದು ಮಳೆಗಾಲದ ಮಧ್ಯಾಹ್ನಕ್ಕೆ ಚೆನ್ನ, ಅದಕ್ಕಿಂತ ಹೆಚ್ಚು ಕೇಳಬಾರದು.

ಕೊಳೆ, ಹಸಿವು, ಬೀದಿ ಬೇಕು ಅನ್ನುವವರಿಗೆ ಎಲಿಜಬೆತ್ ಹಾಯ್ಟ್ ಅವರ 'ಮೇಡನ್ ಲೇನ್' ಸರಣಿ. 1730ರ ದಶಕದ ಲಂಡನ್, ಸೇಂಟ್ ಜೈಲ್ಸ್ ಅನ್ನುವ ಬಡ ಬಡಾವಣೆ. ಅಗ್ಗದ ಜಿನ್ ಕುಡಿದು ಊರಿಗೆ ಊರೇ ಹಾಳಾಗುತ್ತಿದ್ದ ಕಾಲ, 1736ರಲ್ಲಿ ಅದನ್ನು ತಡೆಯಲೆಂದೇ ಒಂದು ಕಾಯ್ದೆ ಬಂದು ವಿಫಲವಾಯಿತು. ಆ ಜಿನ್ ಕಥೆಯೊಳಗೆ ಹರಿಯುತ್ತದೆ. ಒಂದು ಅನಾಥಾಲಯ ಸರಣಿಯ ನಡುಮನೆ ಇದ್ದಹಾಗೆ ಇದೆ, ಅದನ್ನು ನಡೆಸುವ ಅಕ್ಕತಂಗಿಯರು ಮತ್ತು ಅಣ್ಣತಮ್ಮಂದಿರ ಸುತ್ತ ಮೊದಲ ಪುಸ್ತಕಗಳು ಸುತ್ತುತ್ತವೆ. ಕಳ್ಳನೇ ಬೇಕು ಅಂದರೆ ಮೂರನೆಯದು, 'ಸ್ಕ್ಯಾಂಡಲಸ್ ಡಿಸೈರ್ಸ್', 2011. ನಾಯಕ ಮಿಕ್ಕಿ ಓಕಾನರ್ ಥೇಮ್ಸ್ ನದಿಯ ಹಡಗುಗಳನ್ನು ದೋಚುವವರ ದೊರೆ. ಇದು ಬರೀ ಕಲ್ಪನೆಯಲ್ಲ. ಥೇಮ್ಸ್‌ನಲ್ಲಿ ಸರಕು ಕಳವು ಎಷ್ಟು ಮಿತಿಮೀರಿತ್ತು ಅಂದರೆ, 1798ರಲ್ಲಿ ನದಿಗೇ ಅಂತ ಪೊಲೀಸ್ ಪಡೆ ಕಟ್ಟಬೇಕಾಯಿತು. ಮಿಕ್ಕಿ ಕೆಟ್ಟದ್ದು ಮಾಡಿದವನು, ಸೈಲೆನ್ಸ್ ಅನ್ನುವ ನಾಯಕಿಯ ಬದುಕನ್ನು ಅವನೇ ಮುರಿದವನು, ಅದನ್ನು ಅವಳು ಮರೆಯುವುದಿಲ್ಲ, ಪುಸ್ತಕವೂ ಮರೆಯಲು ಬಿಡುವುದಿಲ್ಲ. ಅದಕ್ಕೇ ನನಗೆ ಇದು ಇಷ್ಟ. ಅದರ ಮುಂದಿನ 'ಥೀಫ್ ಆಫ್ ಶ್ಯಾಡೋಸ್' ಹೆಸರಿನಲ್ಲಿ ಕಳ್ಳನಿದ್ದಾನೆ, ಒಳಗೆ ಇರುವುದು ಹಗಲು ಅನಾಥಾಲಯ ನಡೆಸಿ ರಾತ್ರಿ ಮುಖವಾಡ ಹಾಕಿ ಮಕ್ಕಳನ್ನು ಕಾಪಾಡುವ ಸಂಭಾವಿತ. ಹೆಸರು ನೋಡಿ ಕೊಳ್ಳಬೇಡಿ, ಆದರೆ ಕೊಂಡರೆ ನಷ್ಟವಿಲ್ಲ.

ಕೆರಿಗನ್ ಬರ್ನ್ ಅವರ 'ದಿ ಹೈವೇಮನ್', 2015, ಕಳ್ಳ ಮತ್ತು ಒಪ್ಪಂದದ ಮದುವೆ ಎರಡನ್ನೂ ಸೇರಿಸುತ್ತದೆ. ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ ಗುಮಾಸ್ತೆಯಾಗಿರುವ ಫಾರಾಳನ್ನು ಲಂಡನ್ನಿನ ಭೂಗತ ದೊರೆಯೊಬ್ಬ ಹೊತ್ತೊಯ್ದು ಮದುವೆಯಾಗು ಅನ್ನುತ್ತಾನೆ. ತುಂಬಾ ಕತ್ತಲೆಯ ಕಥೆ. ಮಕ್ಕಳ ಮೇಲಿನ ದೌರ್ಜನ್ಯ, ಜೈಲಿನ ಹಿಂಸೆ ಬರುತ್ತವೆ. ಭಾವನೆಗಳು ಎಲ್ಲ ಜೋರು ಸ್ವರದಲ್ಲಿ. ಇದನ್ನು ಎದೆಗೆ ಅಪ್ಪಿಕೊಳ್ಳುವವರು ಇದ್ದಾರೆ, ನನಗೆ ಹಾಯ್ಟ್ ಅವರ ಹಿಡಿತವೇ ಹೆಚ್ಚು ಇಷ್ಟ.

ಒಪ್ಪಂದದ ಮದುವೆ

ಮೂರರಲ್ಲಿ ನನ್ನ ಮತ ಇದಕ್ಕೆ. ಉಳಿದ ಎರಡು ಬಗೆಗಳು ಮದುವೆಗೆ ಬಂದು ನಿಲ್ಲುತ್ತವೆ, ಇದು ಮದುವೆಯಿಂದ ಹೊರಡುತ್ತದೆ. ಮರುದಿನ ಬೆಳಿಗ್ಗೆ ತಿಂಡಿಗೆ ಎದುರುಬದುರು ಕೂತಾಗ ಏನು ಮಾತಾಡಬೇಕು, ಮನೆಯ ಕೆಲಸದವರು ಯಾರ ಮಾತು ಕೇಳುತ್ತಾರೆ, ಅವನಿಗೆ ಹಿಂದೆ ಇಷ್ಟವಾಗಿದ್ದವಳು ಮನೆಗೆ ಬಂದಾಗ ಟೀ ಹೇಗೆ ಕೊಡಬೇಕು. ಕನ್ನಡದ ಓದುಗರಿಗೆ ಇದನ್ನೆಲ್ಲ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯರು ಮಾತಾಡಿ ಮುಗಿಸಿದ ಮದುವೆ, ಆಮೇಲೆ ನಿಧಾನವಾಗಿ ಒಬ್ಬರಿಗೊಬ್ಬರು ಪರಿಚಯವಾಗುವುದು, ಕೊಡುವ ತರುವ ಮಾತುಕತೆ, ಬೀಗರ ಬಿಗುಮಾನ, ಇದೆಲ್ಲ ನಮ್ಮ ಮನೆಗಳಲ್ಲೇ ಕಂಡದ್ದು ಅಲ್ವಾ? ಇಂಗ್ಲಿಷ್ ಓದುಗರು ಇದನ್ನು ದೂರದ ಕಾಲದ ಕಥೆ ಅಂತ ಓದಬಹುದು, ನಮಗೆ ಅಷ್ಟು ದೂರ ಅನ್ನಿಸುವುದಿಲ್ಲ.

ಹಗುರವಾದದ್ದರಿಂದ ಭಾರವಾದದ್ದಕ್ಕೆ ಹೋಗೋಣ.

ಎಲ್ಲಕ್ಕಿಂತ ಹಗುರ ಟೆಸ್ಸಾ ಡೇರ್ ಅವರ 'ದಿ ಡಚೆಸ್ ಡೀಲ್', 2017. ವಾಟರ್ಲೂದಲ್ಲಿ ಮುಖ ಮೈ ಸುಟ್ಟುಕೊಂಡು ಬಂದ ಡ್ಯೂಕ್‌ನನ್ನು ನಿಶ್ಚಿತಾರ್ಥದ ಹುಡುಗಿ ಬಿಟ್ಟಿದ್ದಾಳೆ. ಅವಳಿಗಾಗಿ ಮದುವೆ ಉಡುಪು ಹೊಲಿದ ಎಮ್ಮಾ ಅದೇ ಉಡುಪು ಉಟ್ಟುಕೊಂಡು ಅವನ ಲೈಬ್ರರಿಗೆ ಬಂದು ನಿಂತು, ನನ್ನ ಕೂಲಿ ಕೊಡಿ ಅನ್ನುತ್ತಾಳೆ. ಅವನಿಗೆ ವಾರಸುದಾರ ಬೇಕು, ಅವಳಿಗೆ ತಲೆಯ ಮೇಲೆ ಸೂರು ಬೇಕು. ಮಾತುಗಳು ಚುರುಕು, ನಗು ತುಂಬಾ, ಕಥೆಯೊಳಗೆ ಒಂದು ಬೆಕ್ಕೂ ಇದೆ. ಇತಿಹಾಸದ ಪಕ್ಕಾತನ ಹುಡುಕಬೇಡಿ, ಮಾತಿನ ಧಾಟಿ ಇವತ್ತಿನದು. ಆದರೆ ದಿನಗೂಲಿಯ ಹೊಲಿಗೆಯವಳ ಭಯ, ಒಂದು ವಾರದ ಕೂಲಿ ತಪ್ಪಿದರೆ ಬೀದಿ ಅನ್ನುವ ಭಯ, ಅದು ನಿಜ. ಈ ಲೋಕಕ್ಕೆ ಹೊಸಬರಿಗೆ ನಾನು ಕೊಡುವ ಮೊದಲ ಪುಸ್ತಕ ಇದು. ಡ್ಯೂಕ್ ಕೂಡ ಸಿಕ್ಕ ಹಾಗಾಯಿತು.

ಮೇರಿ ಬ್ಯಾಲಾಗ್ ಅವರ 'ಸ್ಲೈಟ್ಲಿ ಮ್ಯಾರೀಡ್', 2003, ಇದಕ್ಕೆ ಪೂರ್ತಿ ವಿರುದ್ಧ ಗುಣದ್ದು. 1814ರ ಯುದ್ಧದಲ್ಲಿ ಸಾಯುತ್ತಿರುವ ಸೈನಿಕನಿಗೆ, ನಿನ್ನ ತಂಗಿಯನ್ನು ಕಾಪಾಡುತ್ತೇನೆ ಅಂತ ಕರ್ನಲ್ ಏಡನ್ ಮಾತು ಕೊಟ್ಟಿದ್ದಾನೆ. ಹೋಗಿ ನೋಡಿದರೆ ಅಪ್ಪನ ಉಯಿಲಿನ ಪ್ರಕಾರ ಆ ತಂಗಿ ಕೆಲವೇ ದಿನಗಳಲ್ಲಿ ಮದುವೆಯಾಗದಿದ್ದರೆ ಮನೆ ಕೈತಪ್ಪುತ್ತದೆ. ಆ ಮನೆಯಲ್ಲಿ ಅವಳು ಆಸರೆ ಕೊಟ್ಟ ಅನಾಥ ಮಕ್ಕಳು, ಬೇರೆಲ್ಲೂ ಕೆಲಸ ಸಿಗದ ಆಳುಗಳು ಇದ್ದಾರೆ. ಮದುವೆಯಾಗಿ ಬೇರೆ ಬೇರೆ ಇರೋಣ ಅಂತ ಇಬ್ಬರೂ ಒಪ್ಪುತ್ತಾರೆ. ನಿಧಾನ, ಮಾತು ಕಡಿಮೆ, ಇಬ್ಬರೂ ಒಳ್ಳೆಯವರು. ನನ್ನ ಪ್ರಶ್ನೆಗೆ ಇಷ್ಟು ಸ್ಪಷ್ಟ ಉತ್ತರ ಕೊಡುವ ಪುಸ್ತಕ ಇನ್ನೊಂದಿಲ್ಲ: ಅವಳು ಬೇಡ ಅಂದರೆ ಒಂದು ಮನೆ ತುಂಬಾ ಜನ ಬೀದಿಗೆ ಬೀಳುತ್ತಾರೆ.

ಲೀಸಾ ಕ್ಲೇಪಸ್ ಅವರ 'ಡೆವಿಲ್ ಇನ್ ವಿಂಟರ್', 2006. ತೊದಲುವ, ಯಾರೂ ತಿರುಗಿ ನೋಡದ ಈವಿ ಒಂದು ರಾತ್ರಿ ಊರಿಗೆಲ್ಲ ಕೆಟ್ಟವನೆನಿಸಿಕೊಂಡ ಸೇಂಟ್ ವಿನ್ಸೆಂಟ್‌ನ ಮನೆಗೆ ಬಂದು, ನನ್ನನ್ನು ಮದುವೆಯಾಗು, ಅಪ್ಪನ ದುಡ್ಡು ನಿನಗೆ, ಬಂಧುಗಳ ಹಿಂಸೆಯಿಂದ ಬಿಡುಗಡೆ ನನಗೆ ಅನ್ನುತ್ತಾಳೆ. ಆ ಚಳಿಯಲ್ಲಿ ಗ್ರೆಟ್ನಾ ಗ್ರೀನ್‌ವರೆಗಿನ ಗಾಡಿ ಪ್ರಯಾಣ ಈ ಬಗೆಯ ಕಾದಂಬರಿಗಳಲ್ಲೇ ನನಗೆ ಅತಿ ಪ್ರಿಯವಾದ ಭಾಗ. ಕಾಲಿಗೆ ಬಿಸಿ ಇಟ್ಟಿಗೆ ಇಡುವುದು, ನಿದ್ದೆಗೆಟ್ಟ ಸಿಡುಕು, ಅವನು ತನಗೇ ತಿಳಿಯದ ಹಾಗೆ ಅವಳನ್ನು ನೋಡಿಕೊಳ್ಳಲು ಶುರು ಮಾಡುವುದು. ಅವಳ ಅಪ್ಪ ಲಂಡನ್ನಿನ ಜೂಜಿನ ಕ್ಲಬ್ಬಿನ ಯಜಮಾನ, ಕ್ಷಯದಿಂದ ಸಾಯುತ್ತಿದ್ದಾನೆ. ಆ ಕ್ಲಬ್ಬಿನ ಒಳಗಿನ ಲೋಕ ಕಳ್ಳರ ಕಥೆಯ ರುಚಿಯನ್ನೂ ಕೊಡುತ್ತದೆ. ಒಂದು ಮಾತು: ಇದು ನಾಲ್ಕರ ಸರಣಿಯಲ್ಲಿ ಮೂರನೆಯದು. ಹಿಂದಿನ ಪುಸ್ತಕ 'ಇಟ್ ಹ್ಯಾಪನ್ಡ್ ಒನ್ ಆಟಮ್'ನ ಕೊನೆಯಲ್ಲಿ ಇದೇ ಸೇಂಟ್ ವಿನ್ಸೆಂಟ್ ಈವಿಯ ಗೆಳತಿಯನ್ನು ಹೊತ್ತೊಯ್ಯುತ್ತಾನೆ. ಅದನ್ನು ಓದದೆ ಇಲ್ಲಿಗೆ ಬಂದರೆ ಅವನ ಬದಲಾವಣೆಯ ತೂಕ ತಿಳಿಯುವುದಿಲ್ಲ.

ಇನ್ನು ಹೇಯರ್. ಅವರ 'ದಿ ಕನ್ವೀನಿಯೆಂಟ್ ಮ್ಯಾರೇಜ್' 1934ರದು. ಅಕ್ಕನಿಗೆ ಬಂದ ಅರ್ಲ್‌ನ ಸಂಬಂಧ, ಅಕ್ಕ ಬೇರೆಯವನನ್ನು ಪ್ರೀತಿಸಿದ್ದಾಳೆ, ಮನೆಯಲ್ಲಿ ದುಡ್ಡಿಲ್ಲ. ಹದಿನೇಳರ ಹೊರಿ ನೇರ ಅರ್ಲ್‌ನ ಮನೆಗೆ ಹೋಗಿ, ಅಕ್ಕನ ಬದಲು ನನ್ನನ್ನು ಮದುವೆಯಾಗಿ, ನಿಮ್ಮ ದಾರಿಗೆ ನಾನು ಅಡ್ಡ ಬರುವುದಿಲ್ಲ ಅನ್ನುತ್ತಾಳೆ. ಅವನಿಗೆ ಮೂವತ್ತೈದು. ಈ ವಯಸ್ಸಿನ ಅಂತರ ಇವತ್ತು ಚುಚ್ಚುತ್ತದೆ, ನನಗೂ ಚುಚ್ಚುತ್ತದೆ. ಆದರೆ ಕಳೆದುಹೋದ ಒಂದು ಬ್ರೂಚ್ ಹಿಂದೆ ಅಣ್ಣನೂ ಅವನ ಗೆಳೆಯರೂ ದರೋಡೆಕೋರರ ವೇಷ ಹಾಕಿ ಹೊರಡುವ ಭಾಗ ಓದಿ ನಗದೆ ಇರಲು ಆಗುವುದಿಲ್ಲ.

ಅದೇ ಹೇಯರ್ 1961ರಲ್ಲಿ ಬರೆದ 'ಎ ಸಿವಿಲ್ ಕಾಂಟ್ರಾಕ್ಟ್' ಮಾತ್ರ ಬೇರೆಯೇ ಎತ್ತರದ್ದು. ಯುದ್ಧದಿಂದ ಹಿಂತಿರುಗಿದ ಆಡಮ್‌ಗೆ ಅಪ್ಪ ಬಿಟ್ಟುಹೋದದ್ದು ಪದವಿ ಮತ್ತು ಸಾಲ. ಅವನು ಪ್ರೀತಿಸಿದ್ದು ಚೆಲುವೆ ಜೂಲಿಯಾಳನ್ನು. ಮದುವೆಯಾಗುವುದು ಜೆನ್ನಿಯನ್ನು, ಲಂಡನ್ನಿನ ಸಿರಿವಂತ ವ್ಯಾಪಾರಿಯ ಮಗಳು, ಗುಂಡಗಿನ, ಸಾದಾ ಮುಖದ, ಕೆಲಸ ಬಲ್ಲ ಹುಡುಗಿ. ಮಾವ ಚಾಲಿ ಸಾಲವನ್ನೆಲ್ಲ ತೀರಿಸುತ್ತಾನೆ, ಆಮೇಲೆ ಕೊಡುವುದನ್ನು ನಿಲ್ಲಿಸುವುದೇ ಇಲ್ಲ. ಗಾಡಿ ಕೊಡುತ್ತಾನೆ, ಮನೆ ಸಿಂಗರಿಸುತ್ತಾನೆ, ಎಲ್ಲದರಲ್ಲೂ ಮೂಗು ತೂರಿಸುತ್ತಾನೆ. ದುಡ್ಡು ತೆಗೆದುಕೊಂಡ ಅಳಿಯನ ಸ್ವಾಭಿಮಾನ, ಮಗಳ ಮೇಲಿನ ಅಪ್ಪನ ಒರಟು ಪ್ರೀತಿ, ಇವರಿಬ್ಬರ ನಡುವೆ ಸಿಕ್ಕಿಕೊಂಡ ಜೆನ್ನಿ. ಒರಟನಾದ ಚಾಲಿಗೆ ಪಿಂಗಾಣಿ ಪಾತ್ರೆಗಳ ಮೇಲೆ ಅಪಾರ ಪ್ರೀತಿ, ಅವನ್ನು ಎಷ್ಟು ಮೃದುವಾಗಿ ಮುಟ್ಟುತ್ತಾನೆ ಅನ್ನುವಲ್ಲಿ ಅವನ ಮನಸ್ಸು ಪೂರ್ತಿ ಕಾಣುತ್ತದೆ. ಜೆನ್ನಿಗೆ ಆಡಮ್ ಮೇಲೆ ಮೊದಲಿಂದಲೂ ಪ್ರೀತಿ. ಬಾಯಿ ಬಿಡುವುದಿಲ್ಲ. ಅವನಿಗೆ ಇಷ್ಟವಾದ ಅಡುಗೆ, ಬೆಚ್ಚಗಿನ ಕೋಣೆ, ಜಮೀನಿನ ಲೆಕ್ಕ, ಇವುಗಳಲ್ಲೇ ಅವಳ ಮಾತು. ವಾಟರ್ಲೂ ಸುದ್ದಿಗೆ ಮೊದಲು ಎಲ್ಲರೂ ಹೆದರಿ ಸರ್ಕಾರಿ ಸಾಲಪತ್ರಗಳನ್ನು ಮಾರುವಾಗ, ತನ್ನ ಹಳೆಯ ಸೇನಾಪತಿ ಸೋಲುವುದಿಲ್ಲ ಅಂತ ನಂಬಿ ಆಡಮ್ ಕೊಳ್ಳುವ ಪ್ರಸಂಗ ಎದೆ ಬಡಿತ ಹೆಚ್ಚಿಸುತ್ತದೆ. ಆದರೆ ಇಲ್ಲಿ ಕೊನೆಗೆ ಬಿರುಗಾಳಿಯಂಥ ಪ್ರೀತಿ ಬೀಸುವುದಿಲ್ಲ. ಜೊತೆಯಲ್ಲಿ ಬಾಳಿ ಬಂದ ನಂಟು, ಅಷ್ಟೇ. ಎಷ್ಟೋ ಓದುಗರಿಗೆ ಇದು ನಿರಾಸೆ. ನನಗೆ ಈ ಬಗೆಯಲ್ಲಿ ಇದಕ್ಕಿಂತ ಸತ್ಯವಾದ ಪುಸ್ತಕ ಸಿಕ್ಕಿಲ್ಲ.

ಕೊಳ್ಳುವ ಮುಂಚೆ

ಹಾಸಿಗೆಯ ದೃಶ್ಯಗಳ ಬಗ್ಗೆ ಮುಚ್ಚುಮರೆ ಬೇಡ. ಹೇಯರ್‌ನಲ್ಲಿ ಮುತ್ತಿಗಿಂತ ಮುಂದೆ ಏನೂ ಇಲ್ಲ, ಯಾರ ಕೈಗಾದರೂ ಕೊಡಬಹುದು. ಬ್ಯಾಲಾಗ್‌ನಲ್ಲಿ ಇದೆ, ಮಿತವಾಗಿ. ಕ್ವಿನ್, ಡೇರ್, ಡನ್‌ಮೋರ್, ಮಿಲನ್, ಕ್ಲೇಪಸ್ ಬಿಚ್ಚಿಟ್ಟೇ ಬರೆಯುತ್ತಾರೆ. ಹಾಯ್ಟ್ ಇವರೆಲ್ಲರಿಗಿಂತ ಬಿಸಿ. ಮುಖಪುಟ ನೋಡಿ ಇದನ್ನು ಅಳೆಯಲು ಆಗುವುದಿಲ್ಲ, ಈಗ ಕಾರ್ಟೂನ್ ಚಿತ್ರದ ಮುಖಪುಟ ಇದ್ದರೂ ಒಳಗೆ ದೊಡ್ಡವರ ಕಥೆಯೇ. ಹೈಸ್ಕೂಲಿನ ಮಕ್ಕಳಿಗೆ ಉಡುಗೊರೆ ಕೊಡುವವರು ಇದನ್ನು ಗಮನಿಸಬೇಕು.

ಇಂಗ್ಲಿಷ್ ಓದುವುದು ನಿಮಗೆ ಸ್ವಲ್ಪ ನಿಧಾನ ಅನ್ನುವುದಾದರೆ ಹೇಯರ್‌ನಿಂದ ಶುರು ಮಾಡಬೇಡಿ. ಆ ಕಾಲದ ಆಡುಮಾತು, ಬೈಗುಳ, ಬಟ್ಟೆ ಗಾಡಿಗಳ ಹೆಸರು ತುಂಬಿಕೊಂಡಿವೆ, ಮೊದಲ ಐವತ್ತು ಪುಟ ಕಷ್ಟ. ಡೇರ್ ಮತ್ತು ಕ್ವಿನ್ ಅತಿ ಸುಲಭ, ಕ್ಲೇಪಸ್ ಅದರ ನಂತರ. ಇ-ಬುಕ್ ಕೊಳ್ಳುವ ಮೊದಲು ಉಚಿತ ಸ್ಯಾಂಪಲ್ ಓದಿ ನೋಡಿ, ನಾಲ್ಕೈದು ಪುಟದಲ್ಲೇ ಮಾತಿನ ಧಾಟಿ ನಿಮಗೆ ಒಗ್ಗುತ್ತದೋ ಇಲ್ಲವೋ ಗೊತ್ತಾಗುತ್ತದೆ.

ನೇರವಾಗಿ ಹೇಳುವುದಾದರೆ, ಬ್ರಿಡ್ಜರ್ಟನ್ ನೋಡಿ ಇಷ್ಟಪಟ್ಟವರು 'ದಿ ಡಚೆಸ್ ಡೀಲ್' ತೆಗೆದುಕೊಳ್ಳಿ. ರಾಜಕೀಯ, ಹೆಂಗಸರ ಹಕ್ಕು ಅಂದರೆ ಆಸಕ್ತಿ ಇರುವವರಿಗೆ ಡನ್‌ಮೋರ್. ಬೀದಿಯ ಬದುಕು ಬೇಕೆನ್ನುವವರು 'ಮೇಡನ್ ಲೇನ್' ಅನ್ನು ಮೊದಲ ಪುಸ್ತಕದಿಂದಲೇ ಹಿಡಿಯಿರಿ, ಮಿಕ್ಕಿ ಮತ್ತು ಸೈಲೆನ್ಸ್‌ರ ಜಗಳ ಅಲ್ಲೇ ಶುರುವಾಗುವುದು. ಕೆಟ್ಟವನು ಬದಲಾಗುವ ಕಥೆಗೆ ಕ್ಲೇಪಸ್, ಎರಡನೆಯದನ್ನು ಓದಿಕೊಂಡು ಮೂರನೆಯದಕ್ಕೆ ಬನ್ನಿ. 'ಎ ಸಿವಿಲ್ ಕಾಂಟ್ರಾಕ್ಟ್' ಅನ್ನು ಮಾತ್ರ ಮೊದಲಿಗೇ ಎತ್ತಿಕೊಳ್ಳಬೇಡಿ. ನಾಲ್ಕೈದು ಚೆಲುವ ಡ್ಯೂಕ್‌ಗಳನ್ನು, ಒಂದಿಬ್ಬರು ದರೋಡೆಕೋರರನ್ನು ಮುಗಿಸಿ, ಈ ಕಥೆಗಳು ಹೇಗೆ ನಡೆಯುತ್ತವೆ ಅಂತ ಕೈಗೆ ಸಿಕ್ಕ ಮೇಲೆ ಓದಿ. ಆಗ ಜೆನ್ನಿ ಇಡೀ ಪುಸ್ತಕದಲ್ಲಿ ಏನನ್ನು ಕೇಳದೆ ಉಳಿದಳು ಅನ್ನುವುದು ನಿಮಗೆ ಕಾಣುತ್ತದೆ.